ಅಕ್ಕನ ಅಧ್ಯಾಯ ಅಚ್ಚಿಗೆ ಹೋಗುವವರೆಗೆ

ಪ್ರಕಾಶಕರೊಬ್ಬರು ನನ್ನ ಮೊದಲ ಪುಸ್ತಕವನ್ನು ಒಪ್ಪಿಕೊಂಡಾಗ ನಾನು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. "ಬರುವ ವರ್ಷ ತರೋಣ ಮೇಡಂ" ಎಂದಿದ್ದರು. ಆ ವರ್ಷ ಬಂದು ಹೋಯಿತು. ಫೋನು ಮಾಡಿದರೆ "ಸರದಿಯಲ್ಲಿದೆ" ಎನ್ನುವರು. ಮತ್ತೆ ಮಾಡಿದರೆ ಎತ್ತುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ "ಬುಕ್ ಎಲ್ಲಿಗೆ ಬಂತ್ರಿ?" ಎಂದು ಕೇಳಿಯಾರೆಂದು ಬಿಡುವಿನ ಪಿರಿಯಡ್ಡುಗಳನ್ನು ಲೈಬ್ರರಿಯಲ್ಲಿ ಕಳೆಯತೊಡಗಿದೆ. ಪಾಠದ ನಡುವೆ ಬ್ಯಾಗಿನೊಳಗೆ ಫೋನು ಅದುರಿದರೆ ಓದುತ್ತಿದ್ದ ಸಾಲು ತಪ್ಪುತ್ತಿತ್ತು.

ನನಗಿಂತ ಹೆಚ್ಚು ಕಾದವಳು ಅಕ್ಕ. ಕೊಟ್ಟೂರಿನಲ್ಲಿ ಅವಳದೊಂದು ಟೈಲರಿಂಗ್ ಅಂಗಡಿಯಿದೆ. ನನ್ನ ಪುಸ್ತಕ ನಮ್ಮ ಮನೆಯವರ ನೆನಪುಗಳದು, ಅದರಲ್ಲೊಂದು ಅಧ್ಯಾಯ ಅಕ್ಕನದು. ಗಂಡನ ಹೊಡೆತ ತಾಳದೆ ಅರಸೀಕೆರೆ ಕಡೆಯಿಂದ ಕೂಸನ್ನೆತ್ತಿಕೊಂಡು ಕೂಡ್ಲಿಗಿಯ ತವರಿಗೆ ಬಂದವಳಿಗೆ ಅಪ್ಪ ಬಾಗಿಲು ತೆಗೆಯಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತ ಕೂತಿದ್ದವಳನ್ನು ಕೊಟ್ಟೂರಿನ ಮುಸ್ಲಿಂ ಟೈಲರ್ ಮತ್ತು ಅವರ ಹೆಂಡತಿ ತಮ್ಮ ಮನೆಗೆ ಕರೆದೊಯ್ದು, ಇಟ್ಟುಕೊಂಡು, ಹೊಲಿಗೆ ಕಲಿಸಿದರು. "ಎಲ್ಲಾ ಬರಿ" ಎಂದು ಅಕ್ಕನೇ ಹೇಳಿದ್ದಳು. ಶನಿವಾರ ಮಧ್ಯಾಹ್ನ ನಾನು ಹೋದಾಗಲೆಲ್ಲ ಮಿಷಿನ್ ನಿಲ್ಲಿಸದೆ "ಬಂತೇನಲೇ?" ಎಂದು ಕೇಳುವಳು.

ಒಂದು ಶನಿವಾರ ಅವಳು ಕೇಳಲಿಲ್ಲ. ಮಗಳಿಗೆ ಹರಪನಹಳ್ಳಿಯಿಂದ ಸಂಬಂಧ ಬಂದಿತ್ತು. ಹುಡುಗ ಒಪ್ಪಿದ್ದ, ಮಗಳೂ ಒಪ್ಪಿದ್ದಳು.

"ಪುಸ್ತಕ ತಡ ಆಗಿದ್ದು ಚೊಲೋನ ಆತು ಬಿಡು" ಎಂದಳು ಅಕ್ಕ, ನನ್ನ ಮುಖ ನೋಡದೆ.

ಮುಂದಿನ ವಾರವೇ ಪುಸ್ತಕದ ಅಚ್ಚಿನ ಕರಡು ನನ್ನ ಫೋನಿಗೆ ಬಂತು. ತಕ್ಷಣ ತಿದ್ದಿ ಕಳಿಸಬೇಕು, ಇಲ್ಲದಿದ್ದರೆ ಬೇರೆ ಪುಸ್ತಕ ಮುಂದೆ ಹೋಗುತ್ತದೆ ಎಂದು ಬರೆದಿದ್ದರು. ಅಷ್ಟು ಕಾಲ ಹಂಬಲಿಸಿದ್ದು ಕೈಗೆ ಬಂದಾಗ ನನಗೆ ನೆನಪಾದದ್ದು ಅಕ್ಕನ ಆ ಮಾತು. ಅರ್ಧ ದಿನ ರಜೆ ಹಾಕಿ ಕೊಟ್ಟೂರಿನ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅಕ್ಕ, ಮಗಳು ಇಬ್ಬರೂ ಇದ್ದರು. ನಾನು ಅಧ್ಯಾಯವನ್ನು ಇಬ್ಬರಿಗೂ ಓದಿ ಹೇಳಿದೆ. ಅಜ್ಜ ಬಾಗಿಲು ತೆಗೆಯದ ಸಂಗತಿ ಮಗಳಿಗೆ ಅಂದೇ ತಿಳಿದದ್ದು.

"ಪೂರಾ ಅಧ್ಯಾಯನ ತೆಗಿ" ಎಂದಳು ಅಕ್ಕ.

"ತೆಗೀತೀನಕ್ಕ" ಎಂದೆ.

ಮಗಳು ಅವ್ವನ ಎದುರು ಬಂದು ನಿಂತಳು. "ಯಾಕ ತೆಗೀಬೇಕು? ಆಗ ನಾನೂ ನಿನ್ನ ಬಗಲಾಗ ಇದ್ನೆಲ್ಲ. ಅದು ನನ್ನ ಕಥಿನೂ ಹೌದು. ಚಿಗವ್ವಾ, ಅದನ್ನ ಹರಪನಹಳ್ಳಿಗೆ ಕಳಿಸ್ತೀನಿ. ಓದಿ ಬ್ಯಾಡ ಅಂದ್ರ ಈಗ ಅನ್ಲಿ."

ಅಕ್ಕ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದಳು. ಮಗಳು ನನ್ನ ಫೋನಿನಿಂದ ಅಧ್ಯಾಯವನ್ನು ಹುಡುಗನಿಗೆ ಕಳಿಸಿಯೇಬಿಟ್ಟಳು.

ಆಗ ಶುರುವಾದ ಕಾಯುವಿಕೆಯ ಮುಂದೆ ಹಿಂದಿನದು ಏನೇನೂ ಅಲ್ಲ. ಹರಪನಹಳ್ಳಿಯಿಂದ ಸುದ್ದಿಯಿಲ್ಲ. ಇತ್ತ ಪ್ರಕಾಶಕರು ಕರಡು ಕೇಳುತ್ತಲೇ ಇದ್ದರು. ನಾನು ಸಬೂಬು ಹೇಳುತ್ತ ಹೋದೆ. ಕೊನೆಗೆ ಅವರು, "ಸರದಿ ತಪ್ಪಿತು ಮೇಡಂ, ಇನ್ನು ಯಾವಾಗಲೋ ಹೇಳಲಾರೆ" ಎಂದು ಫೋನಿಟ್ಟರು. ಅಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಳು.

ಒಂದು ಶನಿವಾರ ಹುಡುಗನ ತಾಯಿ ತಾವಾಗಿಯೇ ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ. ನೀರು ಕುಡಿದು, ಸೆರಗು ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು. "ಮಗ ಓದಿ ಹೇಳಿದ. ನಿಮ್ಮ ಮ್ಯಾಲೆ ನಮಗ ಗೌರವ ಐತ್ರಿ. ಆದ್ರ ನಮ್ಮ ಕಡೆ ಹಿರೇರು ಅದಾರ. ಸಾಬರ ಮನ್ಯಾಗ ಇದ್ರಿ ಅನ್ನೋದೊಂದನ್ನ ತೆಗೆಸಿಬಿಡ್ರಿ. ಉಳಿದಿದ್ದು ಇರ್ಲಿ."

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ತೆಗಿ ಅಂತ ನಾನೂ ಅಂದಿದ್ದೆ, ಖರೇ" ಎಂದಳು ಅಕ್ಕ. "ಅದು ನನ್ನ ಅಂಜಿಕಿ. ಆದ್ರ ಅವರ ಮನ್ಯಾಗ ಉಂಡು, ಉಂಡಿಲ್ಲ ಅನ್ನಾಕ ಆಗಂಗಿಲ್ರಿ. ಈ ಕೂಸಿಗೆ ನೀರೆರದು ಬೆಳೆಸ್ಯಾರ ಅವ್ರು. ಮದುವ್ಯಾಗ ಮುಂದಿನ ಸಾಲಿನ್ಯಾಗ ಕುಂದ್ರೂದು ಅವ್ರೇ."

ಆ ತಾಯಿ ಎದ್ದು ಹೋದರು. ಸಂಬಂಧ ಮುರಿಯಿತೆಂದೇ ತಿಳಿದೆವು. ಅಕ್ಕ ಅಂದು ನನಗೆ ಹೇಳಿದ್ದು ಒಂದೇ ಮಾತು: "ಕಳಿಸು ಅದನ್ನ ಅಚ್ಚಿಗೆ, ಇದ್ದಂಗ."

ಮುರಿಯಲಿಲ್ಲ. ಹುಡುಗ ಹಟ ಹಿಡಿದನಂತೆ. ಮದುವೆ ಕೊಟ್ಟೂರಿನಲ್ಲೇ ನಡೆಯಿತು. ಅವರ ಕಡೆಯ ಕೆಲವು ಹಿರಿಯರು ಬರಲಿಲ್ಲ. ಟೈಲರ್ ದಂಪತಿಗಳು ಬಂದು ಮುಂದೆಯೇ ಕೂತರು.

ಪುಸ್ತಕ ಬಂದದ್ದು ಅದಾದ ಎಷ್ಟೋ ತಿಂಗಳ ಮೇಲೆ. ಅಷ್ಟರಲ್ಲಿ ಸ್ಟಾಫ್ ರೂಮಿನವರು ಕೇಳುವುದನ್ನೇ ಬಿಟ್ಟಿದ್ದರು. ಅಕ್ಕ ತನ್ನ ಅಧ್ಯಾಯವನ್ನು ತಾನೇ ಓದಿದಳು, ಗಿರಾಕಿಯೊಬ್ಬರನ್ನು ಕಾಯಿಸಿ. ಹರಪನಹಳ್ಳಿಯ ಮನೆಯಲ್ಲಿ ಒಂದು ಪ್ರತಿ ಇದೆಯಂತೆ. ಮಾವ ಅದನ್ನು ಮುಟ್ಟಿಲ್ಲವೆಂದೂ ಅತ್ತೆ ತನ್ನಿಂದ ಓದಿಸಿಕೊಳ್ಳುತ್ತಾರೆಂದೂ ಮಗಳು ಹೇಳುತ್ತಾಳೆ.