ಅಕ್ಕನ ಫೋನಿಗೊಂದು ಬೇರೆ ರಿಂಗ್‌ಟೋನು

ನಮ್ಮ ಯಜಮಾನರ ಕಿವಿಯ ಬಗ್ಗೆ ಯಾರೂ ಹಗುರವಾಗಿ ಮಾತಾಡುವಂತಿಲ್ಲ. ಅಡುಗೆಮನೆಯಲ್ಲಿ ನಾನು ಕೋಡುಬಳೆ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರೆ ಸಾಕು, ಮಹಡಿಯ ಮೇಲೆ ಪೇಪರ್ ಓದುತ್ತಿದ್ದವರು ಕೆಳಗೆ ಬಂದು ನಿಂತಿರುತ್ತಾರೆ. ಸೊಪ್ಪಿನವಳು ಹಿಂದಿನ ಕ್ರಾಸಿನಲ್ಲಿ ಕೂಗಿದರೆ ಇವರು ಇಲ್ಲಿ ಬುಟ್ಟಿ ಹುಡುಕುತ್ತಾರೆ. ಅವರಿಗೆ ಕೇಳಿಸದಿರುವುದು ಎರಡೇ. ಒಂದು ನಾನು ಹೇಳುವ ಕೆಲಸ, ಇನ್ನೊಂದು ಅವರ ಹೊಸ ಫೋನಿನ ರಿಂಗು. ಮೊದಲನೆಯದು ಮದುವೆಯಾದಾಗಿನಿಂದ ಇದೆ, ಅದಕ್ಕೆ ನಾನು ಒಗ್ಗಿಕೊಂಡಿದ್ದೇನೆ.

ಟಿವಿಯ ಸದ್ದು ಬೀದಿಯವರೆಗೂ ಹೋಗುತ್ತಿದೆ ಎಂದು ಈ ವರ್ಷದ ಮೊದಲಲ್ಲೇ ಅವರನ್ನು ಜಯನಗರದ ಒಬ್ಬ ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿದ್ದೆ. ಡಾಕ್ಟರು ಪರೀಕ್ಷೆ ಮಾಡಿ, "ಸಾರ್, ನಿಮಗೆ ಸಣ್ಣ ಕೀರಲು ಶಬ್ದ ಕೇಳ್ಸಲ್ಲ. ದಪ್ಪ ಶಬ್ದ ಎಲ್ಲಾ ಫೈನ್" ಎಂದರು. ಹೊರಗೆ ಬಂದು ಆಟೋ ಹತ್ತುವಷ್ಟರಲ್ಲಿ ಇವರು ಅದರಲ್ಲಿ ಬೇಕಾದ್ದನ್ನು ಮಾತ್ರ ಇಟ್ಟುಕೊಂಡಿದ್ದರು. "ಎಲ್ಲಾ ಫೈನ್ ಅಂದ್ರಲ್ಲ! ಸುಮ್ನೆ ಕರ್ಕೊಂಡು ಬಂದೆ ನನ್ನ." ನಾನು ಬನಶಂಕರಿಯ ಮನೆ ಬರುವವರೆಗೂ ಮಾತಾಡಲಿಲ್ಲ. ಮಾತಾಡಲಿಲ್ಲ ಎನ್ನುವುದೂ ಅವರಿಗೆ ಗೊತ್ತಾಗಲಿಲ್ಲ.

ಆಗ ಅವರ ಹತ್ತಿರ ಹಳೆಯ ಬಟನ್ ಫೋನಿತ್ತು. ಹೊಡೆದುಕೊಂಡರೆ ಖಾಲಿ ಕೊಡಪಾನ ಮೆಟ್ಟಿಲ ಮೇಲೆ ಉರುಳಿದ ಹಾಗೆ ಇರುತ್ತಿತ್ತು. ಅದು ಒಂದು ದಿನ ಸತ್ತಿತು. ಹೊಸ ಸ್ಮಾರ್ಟ್‌ಫೋನು ಬಂತು. ಅದರ ರಿಂಗು ಸ್ಟೀಲ್ ಲೋಟಕ್ಕೆ ಚಮಚ ತಾಗಿಸಿದಂಥ ನಾಜೂಕು ಟಿಣಿಟಿಣಿ. ಅದೇ ವಾರ ತಿಲಕ್ ನಗರದಲ್ಲಿ ನೆಂಟರ ಮನೆಯ ನಾಮಕರಣವೂ ಬಂತು, ಊಟದ ಪಂಕ್ತಿಯಲ್ಲಿ ಇವರಿಗೂ ಇವರ ಅಕ್ಕನಿಗೂ ಜಗಳವೂ ಆಯಿತು.

ಜಗಳ ಬಾತುಕೋಳಿಯದು. ಇವರಿಬ್ಬರೂ ಚಿಕ್ಕವರಿದ್ದಾಗ ಯಾರದೋ ತೋಟದಲ್ಲಿ ಒಂದು ಬಾತುಕೋಳಿ ಅಟ್ಟಿಸಿಕೊಂಡು ಬಂದು ಕಾಲಿಗೆ ಕುಕ್ಕಿತ್ತಂತೆ. ಯಾರ ಕಾಲಿಗೆ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಇಬ್ಬರೂ ನನಗೇ ಎನ್ನುತ್ತಾರೆ. ಅವತ್ತು ಪಾಯಸ ಬಡಿಸುವ ಹೊತ್ತಿಗೆ ಇವರು ಪ್ಯಾಂಟು ಮೇಲೆತ್ತಿ ಗುರುತು ತೋರಿಸಿದರು. ಅಕ್ಕ, "ಅದು ಸೊಳ್ಳೆ ಕಚ್ಚಿದ್ದು ಕಣೋ" ಎಂದರು. ಪಂಕ್ತಿಯೆಲ್ಲ ನಕ್ಕಿತು. ಇವರು ಮಜ್ಜಿಗೆಗೂ ಕಾಯದೆ ಎದ್ದುಬಿಟ್ಟರು.

ಇವರ ಅಕ್ಕ ನನಗೆ ಅತ್ತಿಗೆ. ಹುಳಿಮಾವಿನಲ್ಲಿದ್ದಾರೆ. ದಿನವೂ ಮಧ್ಯಾಹ್ನ ಊಟವಾದ ಮೇಲೆ ತಮ್ಮನಿಗೆ ಫೋನ್ ಮಾಡಿ ಬೈಯುವುದು ಅವರಿಗೆ ಎಲೆಯಡಿಕೆ ಇದ್ದ ಹಾಗೆ. ಷುಗರ್ ಮಾತ್ರೆ ತಗೊಂಡ್ಯಾ, ಯಾಕೆ ತಗೊಂಡಿಲ್ಲ, ನಿನ್ನಂಥ ಕತ್ತೇನ ಎಲ್ಲೂ ನೋಡಿಲ್ಲ, ಹೀಗೆ ಸಾಗುತ್ತದೆ. ಜಗಳವಾದ ಮರುದಿನವೂ ಅವರು ಎಂದಿನಂತೆ ಫೋನ್ ಮಾಡಿದರು. ಹೊಸ ಫೋನು ಟಿಣಿಟಿಣಿ ಎಂದಿತು. ಇವರು ಅದರ ಪಕ್ಕದಲ್ಲೇ ಕೂತು ಪದಬಂಧ ಬಿಡಿಸುತ್ತಿದ್ದರು. ಮಾರನೆಯ ದಿನವೂ ಅಷ್ಟೇ. ತಮ್ಮನಿಗೆ ಕೋಪ ಬಂದಿದೆ, ಬೇಕೆಂದೇ ಎತ್ತುತ್ತಿಲ್ಲ ಎಂದು ಅತ್ತಿಗೆ ತೀರ್ಮಾನಿಸಿದರು. ಆಮೇಲೆ ಇವರೇ ಫೋನ್ ಮಾಡಿದರೆ ಅವರು ನಿಜವಾಗಿಯೂ ಬೇಕೆಂದೇ ಎತ್ತಲಿಲ್ಲ.

ಕೊನೆಗೆ ಅತ್ತಿಗೆ ನನಗೆ ಫೋನ್ ಮಾಡಿ ತೀರ್ಪು ಕೊಟ್ಟರು. "ನೋಡಮ್ಮ, ನಾನು ಮಾಡಿದ ಫೋನು ಅವನೇ ಎದ್ದು ಎತ್ತಬೇಕು. ನೀನು ಎತ್ತಿ ಅವನ ಕೈಗೆ ಕೊಡೋದಲ್ಲ. ಗೌರಿ ಹಬ್ಬದೊಳಗೆ ಎತ್ತಿದ್ರೆ ಬಾಗಿನಕ್ಕೆ ಬರ್ತೀನಿ. ಇಲ್ಲಾಂದ್ರೆ ಆ ಮೊರ ನೀವೇ ಇಟ್ಕೊಂಡು ಅಕ್ಕಿ ಕೇರ್ಕೊಳಿ."

ಹಬ್ಬಕ್ಕೆ ಒಂದು ವಾರವೂ ಇರಲಿಲ್ಲ. ಅತ್ತೆ ಹೋದ ಮೇಲೆ ತವರಿನ ಬಾಗಿನ ಕೊಡುವುದು ಇವರದೇ ಕೆಲಸ. ಗಾಂಧಿ ಬಜಾರಿನಿಂದ ಮೊರ ಆರಿಸಿ ತರುವುದು, ಅರಿಶಿನ ಹಚ್ಚಿ ಒಣಗಿಸುವುದು, ಬಳೆ ಬಿಚ್ಚೋಲೆ ಜೋಡಿಸುವುದು, ಯಾವುದಕ್ಕೂ ನನ್ನನ್ನು ಹತ್ತಿರ ಸೇರಿಸುವುದಿಲ್ಲ. ಈ ಸಲದ ಮೊರ ಆಗಲೇ ಬಂದು ಮಂಚದ ಕೆಳಗೆ ಕೂತಿತ್ತು. ಅತ್ತಿಗೆಯ ತೀರ್ಪು ಕೇಳಿ ಇವರ ಮುಖ ಸಣ್ಣದಾಯಿತು.

"ಹುಳಿಮಾವಿಗೆ ಹೋಗಿ ಬನ್ನಿ, ಎದುರಿಗೆ ನಿಂತ್ರೆ ಕರಗ್ತಾರೆ" ಎಂದೆ.

"ಹೋದ್ರೆ ಬಾತುಕೋಳಿ ಅವಳಿಗೇ ಕುಕ್ಕಿದ್ದು ಅಂತ ಒಪ್ಕೊಂಡ ಹಾಗೆ."

"ಸರಿ, ನಾನೇ ಹೇಳ್ತೀನಿ. ಇವರಿಗೆ ಕಿವಿ ಕೇಳ್ಸಲ್ಲ ಅತ್ತಿಗೆ, ಅದಕ್ಕೆ ಎತ್ತಲ್ಲ ಅಂತೀನಿ. ಮುಗೀತು."

ಇವರು ಪದಬಂಧ ಕೆಳಗಿಟ್ಟರು. "ಅದೊಂದು ಹೇಳ್ಬೇಡ ಕಣೇ. ಗೊತ್ತಾದ್ರೆ ಅಕ್ಕ ಬೈಯೋದು ನಿಲ್ಲಿಸ್ಬಿಡ್ತಾಳೆ. ಪಾಪ ಅಂತಾಳೆ, ಮೆತ್ತಗೆ ಮಾತಾಡ್ತಾಳೆ. ಈಗ ನಂಗೆ ಬೈಯೋರು ಅವಳೊಬ್ಬಳೇ ಉಳಿದಿರೋದು."

ನಾನು ದಿನವಿಡೀ ಬೈಯುವುದು ಲೆಕ್ಕಕ್ಕೇ ಇಲ್ಲ ಎಂದು ಒಂದು ಕ್ಷಣ ಸಿಟ್ಟು ಬಂತು. ಆದರೆ ಅವರ ಮುಖ ನೋಡಿ ಕೈಚಾಚಿ ಫೋನು ತೆಗೆದುಕೊಂಡೆ. ನಮ್ಮ ಬ್ಯಾಂಕಿಗೆ ಮೊದಲ ಸಲ ಕಂಪ್ಯೂಟರ್ ಬಂದಾಗ ಇಡೀ ಬ್ರಾಂಚಿಗೆ ಕಲಿಸಿದವಳು ನಾನು. ಒಂದು ಫೋನಿಗೆ ದಪ್ಪ ಶಬ್ದ ಹಾಕಲು ಬರುವುದಿಲ್ಲವೇ ಎಂದು ಕನ್ನಡಕ ಏರಿಸಿದೆ.

ಫೋನಿನಲ್ಲೇ ಇದ್ದ ರಿಂಗ್‌ಟೋನುಗಳನ್ನು ಒಂದೊಂದಾಗಿ ಒತ್ತಿ ಕೇಳಿಸಿದೆ. ಎಲ್ಲವೂ ಗಾಳಿಗಂಟೆ, ಹಕ್ಕಿಮರಿ, ಕೊಳಲು. ಈ ಫೋನು ಮಾಡಿದವರ ಮನೆಯಲ್ಲಿ ಯಾರಿಗೂ ವಯಸ್ಸೇ ಆಗುವುದಿಲ್ಲವೇನೋ. ನೀರು ತೊಟ್ಟಿಕ್ಕುವ ಸದ್ದೊಂದು ಮಾತ್ರ ಇವರಿಗೆ ಕೇಳಿಸಿತು. ಎದ್ದು ಹೋಗಿ ಬಚ್ಚಲುಮನೆಯ ನಲ್ಲಿ ತಿರುಗಿಸಿ ಬಂದರು. ರಿಂಗು ಬೇಡ, ನಡುಗುವುದಷ್ಟೇ ಸಾಕು ಎಂದು ಹಾಗೆ ಇಟ್ಟರೆ, ಫೋನು ಟೀಪಾಯಿಯ ಮೇಲೆ ತೆವಳುತ್ತಾ ಹೋಗಿ ಚಪ್ಪಲಿಯೊಳಗೆ ಬಿದ್ದಿತು.

ಆಗ ನನಗೆ ಸೊಪ್ಪಿನವಳು ಹೊಳೆದಳು. ಅವಳದು ಗಡುಸು ಕೊರಳು, ಇವರಿಗೆ ಎರಡು ಬೀದಿ ಆಚೆಯಿಂದಲೂ ಕೇಳಿಸುತ್ತದೆ. ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಅವಳನ್ನು ಕೇಳಿದೆ. "ಒಂದ್ಸಲ ಚೆನ್ನಾಗಿ ಕೂಗಮ್ಮ, ಫೋನಿಗೆ ಬೇಕು." ಅವಳು ಸೆರಗು ಸರಿಮಾಡಿಕೊಂಡು, "ಸೊಪ್ಪೂಊ! ದಂಟು, ಮೆಂತ್ಯ, ಸಬ್ಸಿಗೆ, ಕೊತ್ತಂಬ್ರೀ!" ಎಂದು ಮಾಮೂಲಿಗಿಂತ ಜೋರಾಗಿಯೇ ಕೂಗಿದಳು. ರೆಕಾರ್ಡ್ ಮಾಡಿದ್ದು ಇವರ ಫೋನಿನಲ್ಲಿತ್ತು, ಆದರೆ ರಿಂಗ್‌ಟೋನಿನ ಪಟ್ಟಿಯಲ್ಲಿ ಇರಲಿಲ್ಲ. ಒಂದು ಗಂಟೆ ಜಗಳವಾಡಿದ ಮೇಲೆ ಅದರ ಬುದ್ಧಿ ತಿಳಿಯಿತು. ಆ ಫೈಲನ್ನು ಎತ್ತಿ ರಿಂಗ್‌ಟೋನಿನ ಫೋಲ್ಡರಿನಲ್ಲಿ ಇಡಬೇಕು, ಆಮೇಲಷ್ಟೇ ಅದು ಗುರುತು ಹಿಡಿಯುತ್ತದೆ. ಇಟ್ಟೆ. ಸೊಪ್ಪು ಪಟ್ಟಿಯಲ್ಲಿ ಕಾಣಿಸಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ ಸರಿಯಾದ ಹೊತ್ತಿಗೆ ಅತ್ತಿಗೆಯ ಫೋನು ಬಂತು. "ಸೊಪ್ಪೂಊ!" ಎಂದು ಮನೆಯೆಲ್ಲ ಮೊಳಗಿತು. ಇವರು ತಕ್ಷಣ ಎದ್ದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರೇ ಬಂತು. ಇವರು ಎದ್ದವರು ಸೀದಾ ಅಡುಗೆಮನೆಗೆ ಹೋಗಿ, ಬುಟ್ಟಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಗೇಟಿಗೆ ನಡೆದರು. ನಾನು ಹಿಂದೆ ಓಡಿದೆ. ಎದುರು ಮನೆಯಾಕೆಯೂ ಬುಟ್ಟಿ ಹಿಡಿದು ಹೊರಗೆ ಬಂದು ನಿಂತಿದ್ದಳು. ಇಬ್ಬರೂ ಬೀದಿಯ ಎರಡೂ ಕಡೆ ನೋಡಿದರು. "ಹೋಗ್ಬಿಟ್ಲು ಕಣೇ, ಏನು ಅರ್ಜೆಂಟೋ" ಎಂದು ಇವರು ವಾಪಸು ಬರುವಷ್ಟರಲ್ಲಿ ಫೋನು ನಿಂತಿತ್ತು.

"ಅದು ಸೊಪ್ಪಲ್ಲ, ಫೋನು! ಸೊಪ್ಪು ಅಂದ್ರೆ ಫೋನು ಎತ್ತಬೇಕು!" ಎಂದು ಸಂಜೆಯೆಲ್ಲ ಪಾಠ ಹೇಳಿದೆ. ಅದು ಚೆನ್ನಾಗಿಯೇ ತಲೆಗೆ ಹೋಯಿತು. ಮರುದಿನ ಬೆಳಿಗ್ಗೆ ನಿಜವಾದ ಸೊಪ್ಪಿನವಳು ಬಂದು ಕೂಗಿದಾಗ ಇವರು ಫೋನು ಕಿವಿಗಿಟ್ಟು, "ಹಲೋ ಅಕ್ಕ, ಕೇಳಿಸ್ತಿದೆ, ಹೇಳು" ಎನ್ನುತ್ತಾ ವರಾಂಡದಲ್ಲಿ ಓಡಾಡುತ್ತಿದ್ದರು. ಹೊರಗಿನಿಂದ ಅವಳು, "ಅಂಕಲ್, ಮೆಂತ್ಯ ಕೊಡ್ಲಾ?" ಎನ್ನುತ್ತಿದ್ದಳು. ಬೆಳಿಗ್ಗೆ ಹೀಗೆ ಮೋಸ ಹೋದವರು, ಮಧ್ಯಾಹ್ನ ಫೋನೇ ಕೂಗಿದಾಗ ಮತ್ತೆ ಬುಟ್ಟಿಗೆ ಕೈ ಹಾಕಿದರು. ಸಂಜೆಗೆ ಎದುರು ಮನೆಯಾಕೆ ಬಂದಳು. "ಆಂಟಿ, ಸೊಪ್ಪಿನವ್ಳು ದಿನಕ್ಕೆ ಎಷ್ಟು ಸಲ ಬರ್ತಾಳೆ? ಸ್ಟವ್ ಆಫ್ ಮಾಡಿ ಓಡಿ ಬರ್ತೀನಿ, ಇರೋದೇ ಇಲ್ಲ." ಅವತ್ತೇ ಸೊಪ್ಪು ತೆಗೆದುಹಾಕಿದೆ.

ಹಬ್ಬಕ್ಕೆ ಎರಡು ದಿನ ಉಳಿದಿತ್ತು. ಇವರು ಊಟದಲ್ಲಿ ಎರಡನೇ ಸಲ ಹುಳಿ ಹಾಕಿಸಿಕೊಳ್ಳಲಿಲ್ಲ, ಅಂದರೆ ವಿಷಯ ಗಂಭೀರವಾಗಿತ್ತು. ಅದೇ ಹೊತ್ತಿಗೆ ನನ್ನ ಫೋನಿಗೆ ಅತ್ತಿಗೆಯಿಂದ ಒಂದು ವಾಯ್ಸ್ ಮೆಸೇಜು ಬಂತು, ಅವನಿಗೆ ಕೇಳಿಸು ಎಂಬ ಅಪ್ಪಣೆಯೊಂದಿಗೆ. ಒತ್ತಿದೆ. ಅತ್ತಿಗೆಯದು ರುಬ್ಬುವ ಕಲ್ಲು ತಿರುಗಿದಂಥ ದಪ್ಪ ದನಿ. ಹೊರಗೆ ಮೊರಕ್ಕೆ ಅರಿಶಿನ ಕಲಸುತ್ತಿದ್ದ ಇವರು ಅಲ್ಲಿಂದಲೇ ತಲೆಯೆತ್ತಿ, "ಅಕ್ಕ ಬಂದ್ಲಾ?" ಎಂದರು. ಇಷ್ಟು ದಿನ ಇದು ನನಗೆ ಹೊಳೆಯದೆ ಸೊಪ್ಪಿನ ಹಿಂದೆ ಹೋಗಿದ್ದೆನಲ್ಲ ಎಂದು ತಲೆ ಚಚ್ಚಿಕೊಂಡೆ.

ಆ ಮೆಸೇಜನ್ನು ಇವರ ಫೋನಿಗೆ ಕಳಿಸಿ ಅದೇ ಫೋಲ್ಡರಿನಲ್ಲಿ ಇಟ್ಟರೂ ಪಟ್ಟಿಯಲ್ಲಿ ಬರಲಿಲ್ಲ. ಆ ಫೈಲಿನ ಜಾತಿಯೇ ಬೇರೆಯಂತೆ, ಈ ಫೋನು ಅದನ್ನು ಪಂಕ್ತಿಯಲ್ಲಿ ಕೂರಿಸುವುದಿಲ್ಲವಂತೆ. ಸರಿ, ಅಡುಗೆ ಕಟ್ಟೆಯ ಮೇಲೆ ಎರಡು ಫೋನುಗಳನ್ನೂ ಎದುರುಬದುರು ಮಲಗಿಸಿದೆ. ಫ್ಯಾನ್ ಆರಿಸಿದೆ. ಕೆಮ್ಮಬಾರದು, ಉಸಿರೂ ಮೆಲ್ಲಗೆ ಎಂದು ಇವರಿಗೆ ಹೇಳಿದೆ. ನನ್ನ ಫೋನು ಬೈಯಿತು, ಇವರ ಫೋನು ಬರೆದುಕೊಂಡಿತು. ಮೊದಲ ಸಲ ಮಧ್ಯದಲ್ಲಿ ಕುಕ್ಕರ್ ಕೂಗಿತು. ಎರಡನೇ ಸಲ ಇವರು, "ಅಯ್ಯೋ, ಹಂಗಲ್ಲ ಅಕ್ಕ" ಎಂದುಬಿಟ್ಟರು. ಮೂರನೆಯದು ಸರಿಹೋಯಿತು. ಆದರೆ ಮೆಸೇಜಿನ ಶುರುವಿನಲ್ಲಿ ಅತ್ತಿಗೆ ಕೆಲಸದವಳಿಗೆ, "ಆ ಬಕೆಟ್ ಅಲ್ಲೇ ಇಡು" ಎಂದಿದ್ದರು. ಬಕೆಟ್ಟನ್ನು ಕತ್ತರಿಸಿ ತೆಗೆಯುವುದರಲ್ಲಿ ನನ್ನ ಸಂಜೆಯ ಕಾಫಿ ಆರಿಹೋಯಿತು.

ಇದು ಎಲ್ಲರಿಗೂ ಹೊಡೆದುಕೊಳ್ಳಬಾರದು, ಅಕ್ಕನಿಗೆ ಮಾತ್ರ. ಇಲ್ಲದಿದ್ದರೆ ಸೈಟು ಮಾರುವವನು ಫೋನ್ ಮಾಡಿದರೂ ಇವರು ಅವನಿಗೆ ಕ್ಷಮೆ ಕೇಳುತ್ತಾರೆ. ಅಕ್ಕನ ಹೆಸರಿಗೆ ಹೋದರೆ ರಿಂಗ್‌ಟೋನು ಹಾಕುವ ಜಾಗವೇ ಇಲ್ಲ. ಆ ಹೆಸರು ಹಳೆಯ ಸಿಮ್ಮಿನಲ್ಲಿ ಕೂತಿತ್ತು. ಸಿಮ್ಮಿನಲ್ಲಿರುವವರಿಗೆ ಈ ಭಾಗ್ಯವಿಲ್ಲ, ಅವರನ್ನು ಫೋನಿನೊಳಕ್ಕೆ ಕರೆತರಬೇಕು. ಕರೆತಂದು ಆ ಬೈಗುಳ ಹಾಕಿದೆ. ಆಮೇಲೆ ನನ್ನ ನಂಬರಿಗೆ ಅಕ್ಕ ಎಂದು ಸುಳ್ಳು ಹೆಸರಿಟ್ಟು ಪರೀಕ್ಷೆ ಮಾಡೋಣ ಎಂದುಕೊಂಡೆ. ಬೇಡ, ಇವರು ನನ್ನನ್ನು ಆಮೇಲೂ ಅಕ್ಕ ಎಂದರೆ ಕಷ್ಟ ಎಂದು ಕೈಬಿಟ್ಟೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ. ಇವರು ಸೋಫಾದಲ್ಲಿ ತೂಕಡಿಸುತ್ತಿದ್ದರು. ಫೋನು ಟೀಪಾಯಿಯ ಮೇಲಿತ್ತು. ಇದ್ದಕ್ಕಿದ್ದಂತೆ ಅತ್ತಿಗೆ ಮನೆಯೊಳಗೇ ಗುಡುಗಿದರು.

"ಲೋ! ಏನಂದ್ಕೊಂಡಿದ್ದೀಯ ನೀನು? ಅಕ್ಕ ಅಂದ್ರೆ ಅಷ್ಟು ಸಸಾರನಾ? ಕುಕ್ಕಿಸ್ಕೊಂಡೋಳು ನಾನು, ಕೋಪ ಮಾತ್ರ ನಿಂಗಾ? ಎದ್ದೇಳೋ ಮೇಲೆ!"

ಇವರು ಚಿಮ್ಮಿ ಎದ್ದರು. ಪಂಚೆ ಸರಿಮಾಡಿಕೊಂಡರು. ಹೆಡ್‌ಮಾಸ್ಟರ ಎದುರು ನಿಂತವರಂತೆ ಫೋನಿನ ಮುಂದೆ ಕೈಕಟ್ಟಿ ನಿಂತರು. ಆದರೆ ಎತ್ತಲಿಲ್ಲ. "ಇಲ್ಲ ಅಕ್ಕ, ಹಂಗಲ್ಲ, ಸ್ವಲ್ಪ ಕೇಳು" ಎಂದು ರಿಂಗ್‌ಟೋನಿಗೇ ಉತ್ತರ ಕೊಡಲು ಶುರು ಮಾಡಿದರು. ಅದು ಮತ್ತೆ ಮೊದಲಿನಿಂದ, "ಲೋ! ಏನಂದ್ಕೊಂಡಿದ್ದೀಯ ನೀನು?" ಎಂದಿತು. "ಏನೂ ಅಂದ್ಕೊಂಡಿಲ್ಲ ಅಕ್ಕ, ದೇವರಾಣೆಗೂ ಇಲ್ಲ" ಎಂದರು.

"ರೀ! ಹಸಿರು ಗುಂಡಿ! ಎತ್ರೀ ಅದನ್ನ!" ಎಂದು ನಾನು ಸೌಟು ಹಿಡಿದೇ ಅಡುಗೆಮನೆಯಿಂದ ಓಡಿ ಬಂದೆ.

"ಸ್ವಲ್ಪ ಸುಮ್ನಿರು. ಅಕ್ಕ ಮಾತಾಡ್ತಿದಾಳೆ."

ಇನ್ನೇನು ಫೋನು ನಿಂತುಹೋಗುತ್ತಿತ್ತು. ತೀರ್ಪು ಗೀರ್ಪು ಮರೆತು ನಾನೇ ಎಡಗೈಯಲ್ಲಿ ಹಸಿರು ಗುಂಡಿ ಎಳೆದು, ಸ್ಪೀಕರಿಗೂ ಹಾಕಿದೆ. ಗುಡುಗು ತಟ್ಟನೆ ನಿಂತಿತು. ಹುಳಿಮಾವಿನಲ್ಲಿ ನಿಜವಾದ ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದರು. ಇವರಿಗೆ ಅದೊಂದೂ ತಿಳಿಯದು.

"ತಪ್ಪಾಯ್ತು ಅಕ್ಕ. ಬಾತುಕೋಳಿ ಕುಕ್ಕಿದ್ದು ನಿಂಗೇ. ನಾನು ಆಗ ಮರದ ಮೇಲಿದ್ದೆ." ಸ್ವಲ್ಪ ಕಾದರು. ಫೋನಿನಿಂದ ಏನೂ ಬರಲಿಲ್ಲ. ಇವರು ಬಗ್ಗಿ ಅದರ ಹತ್ತಿರ ಮುಖ ತಂದರು. "ಅಕ್ಕ? ಯಾಕೆ ಸುಮ್ಮನಾಗ್ಬಿಟ್ಟೆ? ಬೈಯಿ ಅಕ್ಕ. ಈಗೀಗ ನಂಗೆ ಏನೂ ಕೇಳ್ಸಲ್ಲ. ನೀನು ಬೈದ್ರೆ ಮಾತ್ರ ಸರಿಯಾಗಿ ಕೇಳ್ಸುತ್ತೆ."

ನನ್ನ ಕೈಯ ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಯಾರಿಗೆ ಹೇಳಬಾರದೆಂದು ನನ್ನ ಬಾಯಿ ಮುಚ್ಚಿಸಿದ್ದರೋ ಅವರಿಗೇ ಇವರು ಎಲ್ಲ ಹೇಳಿಬಿಟ್ಟಿದ್ದರು. ಆ ಕಡೆಯಿಂದ ಮೂಗು ಎಳೆದುಕೊಂಡ ಸಣ್ಣ ಸದ್ದು ಬಂತು. ಇವರಿಗೆ ಅದು ಕೇಳಿಸಲಿಲ್ಲ. ಪಾಪ ಎನ್ನುತ್ತಾರೆ ಈಗ, ಎಲ್ಲ ಮುಗಿಯಿತು ಎಂದುಕೊಂಡೆ.

ಅತ್ತಿಗೆ ಗಂಟಲು ಸರಿಮಾಡಿಕೊಂಡರು.

"ಲೋ ಕತ್ತೆ!" ಎಂದರು. ರಿಂಗ್‌ಟೋನಿಗಿಂತಲೂ ಜೋರಾಗಿತ್ತು. "ಮರದ ಮೇಲಿದ್ದೋನು ಇಷ್ಟು ವರ್ಷ ಸುಳ್ಳು ಹೇಳ್ಕೊಂಡು ಓಡಾಡ್ದ್ಯಾ? ಷುಗರ್ ಮಾತ್ರೆ ತಗೊಂಡ್ಯಾ? ಮೊರಕ್ಕೆ ಅರಿಶಿನ ಹಚ್ಚಿದ್ಯಾ, ಇಲ್ಲ ಅದೂ ನಾನೇ ಬಂದು ಹಚ್ಚಬೇಕಾ? ನಾಳೆ ಬೆಳಿಗ್ಗೆ ತಿಂಡಿಗೇ ಬರ್ತೀನಿ, ಗೇಟ್ ಹತ್ರ ನಿಂತಿರು!"

ಇವರು ಸೋಫಾದಲ್ಲಿ ಹಿಂದಕ್ಕೊರಗಿ, ಕಣ್ಣು ಮುಚ್ಚಿ, ಒಂದೊಂದು ಬೈಗುಳಕ್ಕೂ ಹೂಂ ಎನ್ನುತ್ತಾ ಕೂತರು.