ಮಣೆ ಎಳೆಯುವ ಸದ್ದು

ಭಟ್ಟರ ಕತ್ತು ಎಡಕ್ಕೆ ವಾಲಿರುತ್ತಿತ್ತು. ಮಾತಾಡುವಾಗ ಕಣ್ಣು ನಮ್ಮ ಮೇಲೆ, ನಗುವೂ ನಮ್ಮ ಕಡೆಗೇ, ಎಡಗಿವಿ ಮಾತ್ರ ಹಿಂದಿನ ಅಡಿಗೆಮನೆಯ ಹಸಿರು ಪರದೆಯ ಕಡೆಗೆ. ಮೊದಲ ಸಲ ನೋಡಿದಾಗ ಕತ್ತು ಉಳುಕಿರಬೇಕು ಎಂದುಕೊಂಡು, ‘ಎಣ್ಣೆ ಕಾಯಿಸಿ ಹಚ್ಚಿ ಭಟ್ರೆ’ ಎಂದು ಪುಕ್ಕಟೆ ಸಲಹೆ ಕೊಟ್ಟಿದ್ದೆ. ಅವರು ನಕ್ಕು, ‘ಎಣ್ಣೆಗೆ ಹೋಗೂದಲ್ಲ ಇದು’ ಎಂದಿದ್ದರು.

ನಾನು ಶಿರಸಿಯವನು. ಹೋಟೆಲುಗಳ ಗ್ರೈಂಡರು, ಗ್ಯಾಸ್ ಒಲೆ ರಿಪೇರಿ ಮಾಡುವುದು ನನ್ನ ಕಸುಬು. ಬೈಕಿನ ಹಿಂದೆ ಹತ್ಯಾರದ ಪೆಟ್ಟಿಗೆ ಕಟ್ಟಿಕೊಂಡು ಸಿದ್ದಾಪುರ, ಯಲ್ಲಾಪುರವೆಂದು ಸುತ್ತುತ್ತಲೇ ಇರುತ್ತೇನೆ. ಹೋಟೆಲು ಎಂದರೆ ಉಳಿದವರಿಗೆ ಮುಂದಿನ ಬೆಂಚು, ನನಗೆ ಹಿಂದಿನ ಅಡಿಗೆಮನೆ. ಯಾರ ಹಿಟ್ಟಿಗೆ ಸೋಡಾ ಬೀಳುತ್ತದೆ, ಯಾರ ಸಾಂಬಾರು ನಿನ್ನೆಯದು ಎಂದು ನನ್ನನ್ನು ಕೇಳಬೇಕು. ನಾನು ಹೇಳುವುದಿಲ್ಲ, ಆ ಮಾತು ಬೇರೆ. ಅಷ್ಟೆಲ್ಲ ನೋಡಿದ ಮೇಲೂ ಮನಸಾರೆ ಉಣ್ಣುವ ಜಾಗ ನನಗೆ ಮೂರೇ. ಒಂದು ಇಡಗುಂದಿಯ ಹತ್ತಿರ ಲಾರಿಗಳು ನಿಲ್ಲುವ ಹೋಟೆಲು. ಲಾರಿ ಓಡಿಸುತ್ತಿದ್ದ ನನ್ನ ಚಾಚಾ ಬಂಗಡೆ ಸಾರಿನ ರುಚಿ ಹತ್ತಿಸಿದ್ದು ಅಲ್ಲಿ. ಇನ್ನೊಂದು ನಮ್ಮ ಮನೆ, ಅದೂ ಹೆಂಡತಿಗೆ ನನ್ನ ಮೇಲೆ ಸಿಟ್ಟಿಲ್ಲದ ದಿನ. ಮೂರನೆಯದು ನಿಲ್ಕುಂದದ ದಾರಿಯ ಒಂದು ತಿರುವಿನಲ್ಲಿದ್ದ ಭಟ್ಟರ ಹೋಟೆಲು.

ಅದಕ್ಕೆ ಬೋರ್ಡು ಇರಲಿಲ್ಲ. ಎರಡು ಬೆಂಚು, ಒಂದು ಗಾಜಿನ ಕಪಾಟು, ಅದರಲ್ಲಿ ನಾಲ್ಕು ಬನ್ಸು. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಅನ್ನ, ತಂಬುಳಿ, ಅಪ್ಪೆಹುಳಿ. ತೆಳ್ಳೇವು ಎಂದರೆ ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳು ದೋಸೆ. ಪಾಕದಂತೆ ಹರಿಯುವ ಜೋನಿ ಬೆಲ್ಲ ಸವರಿ ಮೇಲೆ ತುಪ್ಪ ಬಿಟ್ಟು ಕೊಟ್ಟರೆ ಬಾಯಲ್ಲಿಡುವ ಮೊದಲೇ ಕರಗಿತೇನೋ ಅನ್ನಿಸುತ್ತಿತ್ತು. ಮಾವಿನಕಾಯಿ ಬೇಯಿಸಿ ನೀರುನೀರಾಗಿ ಮಾಡುವ ಅಪ್ಪೆಹುಳಿಯನ್ನು ನಾನು ಅನ್ನಕ್ಕೆ ಹಾಕಿಕೊಂಡದ್ದಕ್ಕಿಂತ ಲೋಟದಲ್ಲಿ ಕುಡಿದದ್ದೇ ಹೆಚ್ಚು.

ಗಿರಾಕಿ ಕೂತ ಕೂಡಲೇ ಭಟ್ಟರು ಪರದೆಯ ಕಡೆ ತಿರುಗಿ ಕೂಗುತ್ತಿದ್ದರು: ‘ಕೇಳ್ತನೇ, ಎರಡು ತೆಳ್ಳೇವು!’ ನಮ್ಮ ಜೊತೆ ಹೆಚ್ಚಾಗಿ ಪೇಟೆಯ ಮಾತು, ಪರದೆಯ ಕಡೆಗೆ ಅವರ ಮನೆಮಾತು. ಒಳಗಿನಿಂದ ಮಾತಿನ ಉತ್ತರ ಯಾವತ್ತೂ ಬಂದದ್ದಿಲ್ಲ. ಸ್ವಲ್ಪ ಹೊತ್ತಿಗೆ ಕಾವಲಿಯ ಅಂಚಿಗೆ ಸಟ್ಟುಗ ಬಡಿದ ಸದ್ದು ಬರುತ್ತಿತ್ತು, ಟಣ್ ಟಣ್. ‘ಆತು’ ಎನ್ನುತ್ತ ಭಟ್ಟರು ಒಳಗೆ ಹೋಗಿ ತಟ್ಟೆ ತರುತ್ತಿದ್ದರು. ಮನೆಯವರಿಗೆ ಜನರೆದುರು ಬರಲು ಸಂಕೋಚವಿರಬೇಕು ಎಂದುಕೊಂಡು ನಾನು ಸುಮ್ಮನಿದ್ದೆ.

ಅವರ ಹೋಟೆಲಿನಲ್ಲಿ ಒಂದು ಕಟ್ಟಳೆಯಿತ್ತು. ಎಲೆಯ ಮುಂದೆ ಕೂತು ಯಾರಾದರೂ ಫೋನು ಕಿವಿಗೆ ಹಚ್ಚಿದರೆ, ‘ಉಂಬಕಾರೆ ಮಾತಾಡಲಾಗ’ ಎನ್ನುತ್ತಿದ್ದರು. ಉಣ್ಣುವಾಗ ಮಾತಾಡಬಾರದು, ಉಣ್ಣುವವರನ್ನು ಕರೆಯಲೂಬಾರದು. ಒಮ್ಮೆ ನಾನು ಗೇಲಿ ಮಾಡಿದೆ: ‘ನೀವು ಉಣ್ಣೂದು ಯಾವಾಗ ಭಟ್ರೆ? ನೋಡಿದ್ದೇ ಇಲ್ಲ.’ ಅವರು ಊಟಕ್ಕೆ ಕೂತದ್ದನ್ನು ನಿಜಕ್ಕೂ ಯಾರೂ ಕಂಡಿರಲಿಲ್ಲ. ಹಸಿವಾದರೆ ನಿಂತಲ್ಲೇ ಒಂದು ಹಿಡಿ ಅವಲಕ್ಕಿ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದರು. ಹೋಟೆಲು ನಡೆಸುವವರ ಮೈ ಹೀಗಿರುತ್ತದೆಯೇ ಅನ್ನಿಸುವಷ್ಟು ಬಡಕಲು.

‘ಕರೀಲಿ, ಆಮೇಲೆ ಉಂಬದು’ ಎಂದರು. ಹೇಳುವಾಗ ಕತ್ತು ಇನ್ನಷ್ಟು ಎಡಕ್ಕೆ ಹೋಯಿತು.

ನಮ್ಮ ಪರಿಚಯವಾದದ್ದು ಅವರ ಗ್ರೈಂಡರಿನ ಬೆಲ್ಟು ಹರಿದಾಗ. ನಾನು ಪೆಟ್ಟಿಗೆ ಹಿಡಿದು ಸೀದಾ ಒಳಗೆ ಹೊರಟೆ. ಭಟ್ಟರು ಪರದೆಗೆ ಅಡ್ಡ ನಿಂತು, ‘ಒಳಗೆ ಬೇಡಿ, ನಾನೇ ತರ್ತೆ’ ಎಂದರು. ಆ ವಯಸ್ಸಿನಲ್ಲಿ ಅಷ್ಟು ಭಾರದ ಯಂತ್ರವನ್ನು ಇಂಚಿಂಚು ಎಳೆದು ಹೊರಜಗಲಿಗೆ ತಂದು, ಕಂಬ ಹಿಡಿದು ಏದುಸಿರು ಬಿಟ್ಟರು. ನನಗೆ ಉರಿದುಹೋಯಿತು. ನಾನು ಯಾರ ಪೈಕಿ ಎಂಬುದು ನನ್ನ ಹೆಸರಿನಲ್ಲೇ ಇದೆ. ಹಿಟ್ಟು ರುಬ್ಬುವ ಕಲ್ಲನ್ನು ನನ್ನ ಕೈ ಮುಟ್ಟಬಹುದು, ಆ ಕಲ್ಲಿರುವ ನೆಲವನ್ನು ನನ್ನ ಕಾಲು ಮುಟ್ಟಬಾರದು, ಇದೆಂಥ ಮಡಿ ಎಂದು ಮನಸ್ಸಿನಲ್ಲೇ ಬೈದುಕೊಂಡು ಬೆಲ್ಟು ಹಾಕಿದೆ. ಇನ್ನು ಈ ಕಡೆ ತಲೆ ಹಾಕುವುದಿಲ್ಲ ಎಂದೂ ಅಂದುಕೊಂಡೆ. ಆಮೇಲೆ ಅವರು ತೆಳ್ಳೇವು ತಂದಿಟ್ಟರು. ಮುಂದಿನ ವಾರ ಬೈಕು ತಾನಾಗಿ ಅತ್ತ ತಿರುಗಿತು. ನಾಲಗೆಗೆ ಮಾನ ಕಡಿಮೆ.

ನನ್ನ ಲೆಕ್ಕ ತಪ್ಪು ಎಂದು ತೋರಿಸಿದ್ದು ಇಬ್ಬರು ಹುಡುಗರು. ಅವರ ಪೈಕಿಯವರೇ, ಹೆಗಲಿಗೆ ಜನಿವಾರ ಇದ್ದವರೇ. ಊರೂರಿನ ಹೋಟೆಲುಗಳ ವೀಡಿಯೊ ಮಾಡಿ ಫೋನಿನಲ್ಲಿ ಹಾಕುವವರು. ಹೊಟ್ಟೆ ತುಂಬ ತಿಂದು, ‘ಅಡಿಗೆಮನೆ ಒಂಚೂರು ತೋರ್ಸಿ ಮಾವಾ’ ಎಂದು ಫೋನು ಎತ್ತಿ ಪರದೆಗೆ ಕೈ ಹಾಕಿದರು. ಭಟ್ಟರು ಎರಡೂ ಕೈ ಚಾಚಿ ಅಡ್ಡ ನಿಂತರು. ‘ಅದಕ್ಕೆ ಬೇಜಾರಾಗ್ತು. ಹೋಗಡಿ’ ಎಂದರು. ಅವರ ಮಾತಿನಲ್ಲಿ ಹೆಂಗಸರನ್ನು ‘ಅದು’ ಎನ್ನುವುದು ವಾಡಿಕೆ. ಹುಡುಗರು ಗೊಣಗುತ್ತ ಹೋದರು. ನಾನು ಮಾತ್ರ ಬೆಂಚಿನ ಮೇಲೆ ಯೋಚಿಸುತ್ತ ಕೂತೆ. ಮಡಿಯಲ್ಲವಾದರೆ ಆ ಪರದೆಯ ಹಿಂದೆ ಏನಿದೆ?

ಅದು ತಿಳಿದದ್ದು ಒಂದು ಮಧ್ಯಾಹ್ನ. ಬೆಂಚಿನಲ್ಲಿ ನಾನೊಬ್ಬನೇ. ಭಟ್ಟರು ಎರಡು ತೆಳ್ಳೇವು ಕೂಗಿ, ನನ್ನೆದುರು ಬಂದು ಕೂತು, ಹುಲಗೋಳದ ಒಂದು ಮದುವೆಯಲ್ಲಿ ಹೋಳಿಗೆ ಸಾಲದೆ ಬೀಗರು ಮುನಿಸಿಕೊಂಡ ಕತೆ ಶುರು ಮಾಡಿದರು. ಟಣ್ ಟಣ್ ಎಂದಿತು. ಹೋಗಿ ಒಂದು ತಂದು ಕೊಟ್ಟು ಮತ್ತೆ ಕೂತರು. ಬೀಗರನ್ನು ರಮಿಸಲು ಹೋದವರು ಯಾರು, ಅವರು ಉರುಳಿಬಿದ್ದದ್ದು ಎಲ್ಲಿ, ಕತೆ ಉದ್ದವಾಗುತ್ತಲೇ ಹೋಯಿತು. ಎರಡನೆಯ ಸಲ ಸಟ್ಟುಗದ ಸದ್ದು ಬರಲಿಲ್ಲ. ಬಂದದ್ದು ಗ್ಯಾಸಿನ ವಾಸನೆ.

ನನ್ನ ಮೂಗಿಗೆ ಅದು ಬೇಗ ಹತ್ತುತ್ತದೆ. ‘ಭಟ್ರೆ, ಗ್ಯಾಸು!’ ಎಂದು ಎದ್ದೆ. ಅವರು ನನಗಿಂತ ಮೊದಲು ಎದ್ದು ಪರದೆಗೆ ಅಡ್ಡ ನಿಂತರು. ‘ನೀ ಹೋಗಡ ತಮಾ. ಬೇರೆಯವರು ಹೋದ್ರೆ ಅದು ಹೊರಟು ಹೋಗ್ತು.’

ನನಗೆ ತಲೆಬುಡ ತಿಳಿಯಲಿಲ್ಲ. ‘ಅವರ ಜೀವಾನೂ ಹೋಗ್ತದೆ ಈಗ, ಸರೀರಿ!’ ಎಂದು ಗದರಿ, ಅವರ ಕೈಯಡಿ ನುಸುಳಿ ಒಳಗೆ ಹೋದೆ.

ರೆಗ್ಯುಲೇಟರು ಬಂದ್ ಮಾಡಿದೆ, ಕಿಟಕಿ ತೆರೆದೆ. ಒಲೆಯ ಉರಿ ಹೇಗೋ ಆರಿತ್ತು, ಅಷ್ಟೆ. ಆಮೇಲೆ ತಿರುಗಿ ನೋಡಿದೆ. ಒಳಗೆ ಯಾರೂ ಇರಲಿಲ್ಲ. ಹಿಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಕಾವಲಿಯ ಮೇಲೆ ಒಂದು ತೆಳ್ಳೇವು ಅರ್ಧ ಬೆಂದು ನಿಂತಿತ್ತು, ನಡುವೆ ಹಿಟ್ಟು ಇನ್ನೂ ಹಸಿ, ಅಂಚು ಆಗಷ್ಟೇ ಏಳತೊಡಗಿತ್ತು. ಪಕ್ಕದಲ್ಲಿ ಸಟ್ಟುಗ. ತೆಳ್ಳೇವು ಬೇಯಲು ನಾಲ್ಕು ಉಸಿರು ಸಾಕು. ಭಟ್ಟರು ಬೀಗರ ಕತೆ ಹೇಳುತ್ತ ನನ್ನೆದುರು ಕೂತು ಅದಕ್ಕಿಂತ ಎಷ್ಟೋ ಹೊತ್ತಾಗಿತ್ತು; ಅವರು ಎದ್ದು ಬಂದಾಗಲೇ ಉರಿ ಆರಿದ್ದರೆ ವಾಸನೆ ಆಗಲೇ ಬರಬೇಕಿತ್ತು. ಹಾಗಾದರೆ ಇದನ್ನು ಎರೆದವರು ಯಾರು? ಅಡಿಗೆಮನೆ ಕನ್ನಡಿಯಷ್ಟು ಚೊಕ್ಕಟ. ಗೋಡೆಗೆ ಆನಿಸಿಟ್ಟ ಎರಡು ಮರದ ಮಣೆಗಳ ಮೇಲೆ ಮಾತ್ರ ಧೂಳು ಕೂತಿತ್ತು. ಊಟಕ್ಕೆ ಕೂರುವ ಮಣೆಗಳು.

ಹೊರಗೆ ಬಂದೆ. ಭಟ್ಟರು ಪರದೆಗೆ ಬೆನ್ನು ಹಾಕಿ ನಿಂತಿದ್ದರು, ಒಳಗೆ ಇಣುಕಿರಲಿಲ್ಲ. ಮೆಲ್ಲಗೆ ಕೇಳಿದರು:

‘ಎಂತ ಹೇಳ್ತು ಅದು?’

ಉತ್ತರಕ್ಕೆ ಕಾಯದೆ ಅವರೇ ಮತ್ತೆ ಕೇಳಿದರು:

‘ಮಣೆ ಹಾಕಿದ್ದಾ?’

ಒಳಗೆ ಯಾರೂ ಇಲ್ಲ ಭಟ್ರೆ ಎನ್ನಬಹುದಿತ್ತು. ಆ ಮುಖ ನೋಡಿದ ಮೇಲೆ ನಾಲಗೆ ಹೊರಳಲಿಲ್ಲ. ಹೌದು ಎಂದುಬಿಡಲೂ ಯಾಕೋ ಹೆದರಿಕೆಯಾಯಿತು. ‘ಇಲ್ಲ ಭಟ್ರೆ. ಇನ್ನೂ ಹಾಕಿಲ್ಲ’ ಎಂದೆ.

ಅವರು ಬೆಂಚಿನ ಮೇಲೆ ಕುಸಿದರು. ನನ್ನ ಜೊತೆ ಆಡುತ್ತಿದ್ದ ಪೇಟೆಯ ಮಾತು ಪೂರ್ತಿ ಬಿಟ್ಟುಹೋಗಿ, ಪರದೆಯ ಕಡೆಗೆ ಆಡುವ ಮಾತಿನಲ್ಲೇ ಹೇಳಿದರು. ‘ಆ ದಿನ ಬಸ್ಸು ನಿಂತಿತ್ತು ತಮಾ. ಬೆಂಚು ತುಂಬ ಜನ. ಒಳಗೆ ಮಣೆ ಎಳೆದ ಸದ್ದು ಕೇಳ್ತು. ಅದು ಕರೆಯೂದು ಹಂಗೆಯ, ಹೆಸರು ಹಿಡಿದು ಕರೆಯೂದಿಲ್ಲೆ. ಬತ್ತೆ ಬತ್ತೆ, ಇವ್ರಿಗೆ ಕೊಟ್ಟು ಬತ್ತೆ ಅಂದೆ. ಬಸ್ಸು ಹೋದ ಮೇಲೆ ಒಳಗೆ ಹೋದೆ. ಎರಡೂ ಮಣೆ ಹಾಕಿತ್ತು, ಎರಡೂ ತಟ್ಟೆ ಬಡಿಸಿತ್ತು. ಅದು ಗೋಡೆಗೆ ಒರಗಿ ಕೂತಿತ್ತು. ಎಷ್ಟು ಕರೆದರೂ ಮಾತಾಡಿದ್ದಿಲ್ಲೆ.’ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ‘ಈಗ ಅಡಿಗೆ ಮಾಡ್ತು. ಮಣೆ ಹಾಕ್ತಿಲ್ಲೆ. ಸಿಟ್ಟು.’

ತಟ್ಟೆಯಲ್ಲಿ ಉಳಿದ ತೆಳ್ಳೇವನ್ನು ಹೇಗೆ ನುಂಗಿದೆನೋ ನೆನಪಿಲ್ಲ. ಬಿಟ್ಟು ಏಳುವ ಧೈರ್ಯ ಮಾತ್ರ ಬರಲಿಲ್ಲ. ಮುಂದಿನ ತಿರುವಿನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಅಕ್ಕನ ಹತ್ತಿರ ಬೈಕು ನಿಲ್ಲಿಸಿ ನೀರು ಕೇಳಿದೆ. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

‘ಒಳಗೆ ಹೋದ್ಯನಾ?’ ಎಂದಳು. ‘ಅವ್ರ ಹೆಂಡ್ತಿ ತೀರ್ಕಂಡು ಐದಾರು ವರ್ಷ ಆತು ಮಾರಾಯಾ. ಊರಿಗೆಲ್ಲ ಗೊತ್ತು. ಯಾರೂ ಪರದೆ ಸರ್ಸೂದಿಲ್ಲ.’

‘ಮತ್ತೆ ತೆಳ್ಳೇವು ಎರೆಯೂದು ಯಾರು?’

‘ಹಿಟ್ಟು ರುಬ್ಬೂದು ಅವ್ರೇ. ಎರೆಯೂದು ಯಾರು ಅಂತ ನಾವು ಕೇಳೂದಿಲ್ಲ. ತಿಂತೇವೆ, ಬರ್ತೇವೆ.’ ಲೋಟ ವಾಪಸು ತೆಗೆದುಕೊಳ್ಳುತ್ತ, ‘ರುಚಿ ಮಾತ್ರ ಅವ್ರ ಹೆಂಡ್ತಿ ಕೈದೇ’ ಎಂದಳು.

ಆಮೇಲೂ ನಾನು ಹೋಗುತ್ತಲೇ ಇದ್ದೆ. ಯಂತ್ರದ ಕೆಲಸದವನಿಗೆ ಪ್ರತಿ ಸದ್ದಿಗೂ ಒಂದು ಕಾರಣ ಬೇಕು. ಆವಿಗೆ ಮುಚ್ಚಳ ಕುಣಿಯುತ್ತಿರಬಹುದು, ಬೆಕ್ಕು ಇರಬಹುದು, ಭಟ್ಟರೇ ನನ್ನ ಕಣ್ಣು ತಪ್ಪಿಸಿ ಎದ್ದು ಹೋಗಿರಬಹುದು, ಎಲ್ಲವನ್ನೂ ಯೋಚಿಸಿದೆ. ಯಾವುದೂ ಆ ಅರ್ಧ ಬೆಂದ ತೆಳ್ಳೇವಿಗೆ ಹೊಂದಲಿಲ್ಲ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಬಾಯಿ ಮುಚ್ಚಿಕೊಂಡೆ. ಹೆಂಡತಿಗೂ ಹೇಳಲಿಲ್ಲ. ಪ್ರತಿ ಸಲ ಹೊರಡುವಾಗ ಭಟ್ಟರ ಮುಖ ನೋಡುತ್ತಿದ್ದೆ. ಅವರು ತಲೆ ಅಲ್ಲಾಡಿಸುತ್ತಿದ್ದರು, ಇನ್ನೂ ಇಲ್ಲ. ಅವರನ್ನು ಒಮ್ಮೆ ಕರೆಯಬಾರದೇ ಎಂದು ಆ ಕಾಣದ ಹೆಂಗಸಿನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ಕರೆದರೆ ಏನಾಗುತ್ತದೆ ಎಂಬುದು ಹೊಳೆದು ಮರುಕ್ಷಣವೇ ಆ ಸಿಟ್ಟು ನುಂಗಿಕೊಂಡು ಬೈಕು ಹತ್ತುತ್ತಿದ್ದೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಅಂಗಡಿಯ ಅಕ್ಕ ಫೋನು ಮಾಡಿದಳು. ಭಟ್ಟರು ತೀರಿಕೊಂಡು ಕರ್ಮವೆಲ್ಲ ಮುಗಿದಿತ್ತು. ಗ್ಯಾಸಿನ ಸಂಪರ್ಕ ಬಿಚ್ಚಿಕೊಡಲು ನನ್ನನ್ನು ಕರೆದದ್ದು. ಬೀಗದ ಕೈ ಅವಳ ಹತ್ತಿರವೇ ಇತ್ತು. ಬಾಗಿಲು ತೆಗೆಯುತ್ತ ಹೇಳಿದಳು:

‘ಅವ್ರು ಹೋದ ದಿನ ಸಂಜೆ, ಹೋಟೆಲು ಮುಚ್ಚೂ ಹೊತ್ತು. ನೆಲದ ಮೇಲೆ ಮರ ಎಳೆದ ಹಂಗೆ ಸದ್ದು. ನನ್ನ ಅಂಗಡಿವರೆಗೂ ಕೇಳ್ತು. ಬೆಳಿಗ್ಗೆ ಹಾಲು ಕೊಡೂಕೆ ಹೋದ್ರೆ ಬಾಗಿಲು ತೆರೆದೇ ಇತ್ತು. ಪರದೆ ಸರ್ಸಿದೆ. ಎರಡು ಮಣೆ ಎದುರು ಬದುರು. ಒಂದ್ರ ಮೇಲೆ ಭಟ್ರು, ಗೋಡೆಗೆ ಒರಗಿಕಂಡು. ಎರಡು ತಟ್ಟೆ. ಎರಡ್ರಲ್ಲೂ ಉಂಡಿದ್ದು ಇತ್ತು.’ ಬಾಗಿಲು ಪೂರ್ತಿ ತಳ್ಳಿ ಅಂದಳು, ‘ಅವ್ರ ಕತ್ತು ನೆಟ್ಟಗಾಗಿತ್ತು ಮಾರಾಯಾ.’

ಒಳಗೆ ಹೋಗಿ ಪೈಪು ಬಿಚ್ಚಿದೆ, ಸಿಲಿಂಡರು ಹೊರಗಿಟ್ಟೆ. ಮಣೆಗಳು ಹಾಗೇ ಎದುರು ಬದುರು ಇದ್ದವು, ತೆಗೆದಿಡಲು ಯಾರಿಗೂ ಕೈ ಬಂದಿರಲಿಲ್ಲ. ನಾನೂ ಮುಟ್ಟಲಿಲ್ಲ. ಕೆಲಸ ಮುಗಿದ ಮೇಲೆ ನನ್ನ ಹಳೆಯ ಜಾಗದಲ್ಲಿ, ಬೆಂಚಿನ ತುದಿಗೆ ಕೂತೆ. ಏಳಲು ಮನಸ್ಸಾಗಲಿಲ್ಲ. ಯಾಕೆ ಹಾಗೆ ಮಾಡಿದೆನೋ, ಪರದೆಯ ಕಡೆ ತಿರುಗಿ ಕೂಗಿದೆ: ‘ಅಮ್ಮಾ, ಎರಡು ತೆಳ್ಳೇವು.’

ಅಂಗಡಿಯ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು. ಇಬ್ಬರೂ ಕಿವಿಗೊಟ್ಟೆವು. ಇನ್ನೊಮ್ಮೆ ಕೂಗಿದೆ. ಸಟ್ಟುಗದ ಸದ್ದು ಬರಲಿಲ್ಲ. ಖಾಲಿ ಮನೆಯ ಮೌನ ಬೇರೆ ಇರುತ್ತದೆ, ದಿನಾ ಹತ್ತು ಅಡಿಗೆಮನೆ ಹೊಗುವ ನನಗೆ ಅದು ಗೊತ್ತು. ಅದು ಅಂಥದ್ದಲ್ಲ. ಒಳಗೆ ಯಾರೋ ಇದ್ದು, ಕೇಳಿಸಿಯೂ ಸುಮ್ಮನಿದ್ದ ಹಾಗಿತ್ತು.

‘ಉತ್ರ ಇಲ್ಲ’ ಎಂದಳು ಅಕ್ಕ, ಪಿಸುಮಾತಿನಲ್ಲಿ.

‘ಉಂಬಕಾರೆ ಮಾತಾಡಲಾಗ’ ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ನನಗೆ ಅಳು ತಡೆಯಲಾಗಲಿಲ್ಲ.

ಭಟ್ಟರ ಹೋಟೆಲಿನ ಅನ್ನದ ಋಣ ದೊಡ್ಡದು, ಅವರು ಕಲಿಸಿದ್ದರ ಋಣ ಅದಕ್ಕಿಂತ ದೊಡ್ಡದು. ಮೊದಲೆಲ್ಲ ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೆ, ಮುಂಭಾಗದ ಶೆಡ್ಡಿನಲ್ಲಿ ಮೋಟರು ಬಿಚ್ಚಿಕೊಂಡು ಕೂತವನು ‘ಬಂದೆ, ಬಂದೆ’ ಎನ್ನುತ್ತಲೇ ಸಾರು ಆರಿಸುತ್ತಿದ್ದೆ. ಈಗ ಆ ಮಾತು ನನ್ನ ಬಾಯಲ್ಲಿಲ್ಲ. ಕರೆದ ಕೂಡಲೇ ಕೈಯಲ್ಲಿದ್ದ ಸ್ಕ್ರೂ ಇದ್ದಲ್ಲೇ ಬೀಳುತ್ತದೆ. ಎಷ್ಟೋ ಸಲ ಅವಳು ಕರೆಯುವ ಮೊದಲೇ, ಒಳಗೆ ತಟ್ಟೆ ಸದ್ದಾದರೆ ಎದ್ದಿರುತ್ತೇನೆ.

ಮೊನ್ನೆ ಬಡಿಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ‘ನಿಮ್ಮ ಕುತ್ತಿಗೆಗೆ ಎಂತ ಆಗಿದೆ? ಎಡಕ್ಕೆ ವಾಲ್ತಾ ಇದೆಯಲ್ಲ. ಎಣ್ಣೆ ಕಾಯಿಸಿ ಹಚ್ಲಾ?’

ಎಣ್ಣೆಗೆ ಹೋಗುವುದಲ್ಲ ಇದು ಎಂದೆ.