ಏಳು ವರ್ಷದವಳ ಕಿಮೋನೊ

ಮೊನ್ನೆ ಇಲ್ಲಿ ಪರದೇಶದಲ್ಲಿ, ನಮ್ಮೂರಿನ ಟೋಟೆಮ್ ಲೇಕ್ ಬಡಾವಣೆಯ ಅಂಗಡಿಯೊಂದರ ಮುಂದೆ ಯಾರೋ ಸೀಡರ್ ಮರದ ಒದ್ದೆ ಎಲೆ ಗುಡಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯಲ್ಲಿದ್ದ ಜಪಾನಿ ಅಜ್ಜಿ ನೆನಪಾದರು. ಪ್ರೀತಿಯಿಂದ ಎಂದು ಸುಳ್ಳು ಹೇಳಲಾರೆ. ಹೊಟ್ಟೆಕಿಚ್ಚು, ಈಗಲೂ...

ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮ ಬೀದಿಯ ಕೊನೆಯಲ್ಲಿ ಜಪಾನಿಯರ ಶಿಂಟೋ ಧರ್ಮದ ಪುಟ್ಟ ಗುಡಿಯಿತ್ತು. ಸುತ್ತಲಿನ ಹತ್ತಿಪ್ಪತ್ತು ಮನೆಯವರು ಶನಿವಾರ ಅಂಗಳದ ಸೀಡರ್ ಎಲೆ ಗುಡಿಸಿ, ಟೀ ಕುಡಿದು ಹೋಗುತ್ತಿದ್ದರು. ಅಜ್ಜಿ ನನ್ನ ಮಗಳನ್ನೂ ಕರೆದೊಯ್ಯುತ್ತಿದ್ದರು. ಮನೆಯಲ್ಲಿ ದೀಪದ ಮುಂದೆ ಎರಡು ನಿಮಿಷ ಕೂರದವಳು ಅಲ್ಲಿ ಗಂಟೆಗಟ್ಟಲೆ ಗುಡಿಸುತ್ತಿದ್ದಳು! ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೆ ಬಗ್ಗುವುದನ್ನು ಕಲಿತು ಬಂದು ನಮ್ಮ ಗಣಪತಿಗೂ ಹಾಗೇ ಮಾಡಿದಳು. ಅವಳಪ್ಪ ಬಿದ್ದೂ ಬಿದ್ದೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಏಳು ವರ್ಷದ ಹೆಣ್ಣುಮಕ್ಕಳಿಗೆ ನವೆಂಬರಿನಲ್ಲಿ ಕಿಮೋನೊ ಉಡಿಸಿ, ಗುಡಿಯಲ್ಲಿ ಆಯಸ್ಸು ಬೇಡುವುದು ಅವರ ಪದ್ಧತಿ. ಅಜ್ಜಿ ನನ್ನ ಮಗಳ ಅಳತೆ ತೆಗೆದುಕೊಂಡಾಗಿನಿಂದ ಇವಳು ದಿನ ಎಣಿಸುತ್ತಿದ್ದಳು. ಒಂದು ಮಧ್ಯಾಹ್ನ, ಇವಳು ಸ್ಕೂಲಿನಲ್ಲಿದ್ದಾಗ, ಅಜ್ಜಿ ಕೆಂಪು ಕಿಮೋನೊ ಹಿಡಿದು ಬಂದು, "ಭಾನುವಾರ ಕರೆದುಕೊಂಡು ಹೋಗಲಾ?" ಎಂದು ತಮ್ಮ ಮೆಲುದನಿಯ ಇಂಗ್ಲಿಷಿನಲ್ಲಿ ಕೇಳಿದರು.

"ಅಯ್ಯೋ, ಅವತ್ತೇ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ!" ಎಂದುಬಿಟ್ಟೆ. ರಾಜ್ಯೋತ್ಸವ ಹಿಂದಿನ ವಾರವೇ ಮುಗಿದಿತ್ತು.

ಭಾನುವಾರ ಅಜ್ಜಿ ಒಬ್ಬರೇ ಗುಡಿಯ ಕಡೆ ನಡೆದದ್ದನ್ನು ಮಗಳು ಕಿಟಕಿಯಿಂದ ನೋಡಿದಳು. ಹಿಂದೆ ಓಡಲು ಹೊರಟವಳ ತೋಳು ಹಿಡಿದೆ. "ಕರೀದೇ ಹೋಗಬಾರದು ಪುಟ್ಟಿ. ಅಜ್ಜಿಗೆ ಮರೆತುಹೋಗಿರಬೇಕು."

ಸಂಜೆ ಅಜ್ಜಿ ಬಾಗಿಲು ತಟ್ಟಿದರು. ಮಗಳು ಅತ್ತು ಅತ್ತು ಮಲಗಿದ್ದಳು. "ಅವಳ ಹೆಸರಿನಲ್ಲಿ ಪ್ರಾರ್ಥನೆ ಮಾಡಿಸಿದೆ" ಎಂದು ಗುಡಿಯಲ್ಲಿ ಮಕ್ಕಳಿಗೆ ಕೊಡುವ ಉದ್ದನೆಯ ಸಕ್ಕರೆ ಕಡ್ಡಿ ಕೊಟ್ಟರು. ನಾನು ಹಾಕಿಕೊಂಡಿದ್ದ ನೈಟಿ ನೋಡಿದರು. ಕಾರ್ಯಕ್ರಮ ಹೇಗಾಯಿತೆಂದು ಮಾತ್ರ ಕೇಳಲಿಲ್ಲ. ಆ ಕಡ್ಡಿಯನ್ನು ಕಸದ ಡಬ್ಬಿಯ ತಳಕ್ಕೆ ತುರುಕಿದೆ.

ಮಗಳು ಮತ್ತೆ ಶನಿವಾರ ಗುಡಿಗೆ ಹೋಗಲಿಲ್ಲ. ಗೆದ್ದೆ ಎಂದುಕೊಂಡೆ. ಮರುವರ್ಷ ಅಜ್ಜಿ ಮಗನ ಊರಿಗೆ ಹೋದರು, ಅಲ್ಲೇ ತೀರಿಕೊಂಡರಂತೆ... ತಪ್ಪಾಯಿತು ಅನ್ನೋಣವೆಂದರೆ ಅವರಿಲ್ಲ.

ಮೊನ್ನೆ ಮನೆಗೆ ಬಂದವಳೇ ಮಗಳಿಗೆ ಫೋನ್ ಮಾಡಿದೆ. ನಿಜ ಹೇಳಿಬಿಡಬೇಕೆಂದೇ ಮಾಡಿದ್ದು.

"ಆ ಜಪಾನಿ ಅಜ್ಜಿ ನೆನಪಿದೆಯೇನೇ?"

"ಯಾ..." ಎಂದಳು. "ಶೀ ಫರ್ಗಾಟ್ ಮಿ, ಅಮ್ಮ."

"ಪಾಪ, ವಯಸ್ಸಾಗಿತ್ತಲ್ಲ" ಅಂದೆ.